ನಟ್ಟು ಅಲುಗದಿದ್ದರೂ ಟಾರ್ಕ್ ಇದೆ

ಪ್ರಶ್ನೆ: ಹಳೆಯ ಕಾರಿನ 1600 ಸಿಸಿ ಪೆಟ್ರೋಲ್ ಎಂಜಿನ್ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ. ಒಬ್ಬ ಗೆಳೆಯ ಟಾರ್ಕ್ ಜಾಸ್ತಿ ಮಾಡು, ಗಾಡಿ ಎಳೆಯೋದು ಅದೇ ಅಂತಾನೆ. ಇನ್ನೊಬ್ಬ, ಹಾರ್ಸ್‌ಪವರ್ ಬರದಿದ್ದರೆ ಇಷ್ಟೆಲ್ಲ ಖರ್ಚು ಯಾಕೆ ಅಂತಾನೆ. ಗಾಡಿ ದಿನಾ ಓಡಾಡೋಕೆ, ಆಗೊಮ್ಮೆ ಈಗೊಮ್ಮೆ ಬೆಟ್ಟ ಹತ್ತೋಕೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರನ್ನೂ ಸ್ವಲ್ಪ ಹೊತ್ತು ಸುಮ್ಮನಿರಿಸಿ. ತುಕ್ಕು ಹಿಡಿದ ಚಕ್ರದ ನಟ್ಟಿಗೆ ಅರ್ಧ ಮೀಟರ್ ಉದ್ದದ ಸ್ಪ್ಯಾನರ್ ಹಾಕಿದ್ದೀರಿ, ತುದಿ ಹಿಡಿದು 20 ಕೆಜಿ ತೂಕದಷ್ಟು ಜಗ್ಗಿದ್ದೀರಿ ಅಂದುಕೊಳ್ಳಿ. ನಟ್ಟಿನ ಮೇಲೆ ಸುಮಾರು 100 ನ್ಯೂಟನ್ ಮೀಟರ್ ಬಿತ್ತು. ನಟ್ಟು ಮಾತ್ರ ಅಲುಗಲಿಲ್ಲ. ಬೆವರು ಬಂತು, ಬಾಯಿಗೆ ಬೈಗುಳ ಬಂತು, ಕೆಲಸ ಆಗಲಿಲ್ಲ. ಅಲ್ಲಿ ಟಾರ್ಕ್ ಇತ್ತು, ಪವರ್ ಸೊನ್ನೆ. ತಿರುಚುವ ಬಲ ಟಾರ್ಕ್. ಆ ಬಲದಲ್ಲೇ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿಸುತ್ತೀರಿ ಅನ್ನೋದೂ ಸೇರಿದರೆ ಪವರ್. ಲೆಕ್ಕ ಸುಲಭ: ನ್ಯೂಟನ್ ಮೀಟರನ್ನು ಆರ್‌ಪಿಎಂನಿಂದ (ನಿಮಿಷದ ಸುತ್ತುಗಳಿಂದ) ಗುಣಿಸಿ 7024ರಿಂದ ಭಾಗಿಸಿದರೆ ಕಾರಿನ ಬ್ರೋಷರ್‌ನಲ್ಲಿ ಬರೆಯುವ ಪಿಎಸ್, ಅಂದರೆ ಮೆಟ್ರಿಕ್ ಹಾರ್ಸ್‌ಪವರ್, ಸಿಗುತ್ತದೆ. ಹಾಗಾಗಿ ನಿಮ್ಮ ಗೆಳೆಯರು ಜಗಳವಾಡುತ್ತಿರೋದು ಎರಡು ಬೇರೆ ವಸ್ತುಗಳ ಬಗ್ಗೆ ಅಲ್ಲವೇ ಅಲ್ಲ.

ಈಗ ಎಂಜಿನ್ ಕಟ್ಟುವವರು ಗಮನಿಸಬೇಕಾದ ವಿಷಯಕ್ಕೆ ಬರುತ್ತೇನೆ. ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಪಂಪ್) ಇಲ್ಲದ ಪೆಟ್ರೋಲ್ ಎಂಜಿನ್‌ನಲ್ಲಿ ಟಾರ್ಕ್ ಹೆಚ್ಚಿಸೋದು ಕಷ್ಟ, ಯಾಕಂದರೆ ಸಿಲಿಂಡರ್ ಒಂದು ಸಲಕ್ಕೆ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟೇ ಪೆಟ್ರೋಲ್ ಉರಿಸಬಹುದು. ಸಾಮಾನ್ಯ ಎಂಜಿನ್‌ಗಳು ಲೀಟರಿಗೆ 80ರಿಂದ 100 ನ್ಯೂಟನ್ ಮೀಟರ್ ಆಸುಪಾಸಿನಲ್ಲೇ ನಿಲ್ಲುತ್ತವೆ. ಹೋಂಡಾ 1989ರಲ್ಲಿ ಇಂಟೆಗ್ರಾ ಕಾರಿಗೆ ಹಾಕಿದ ವಿಟೆಕ್ (ವೇಗಕ್ಕೆ ತಕ್ಕಂತೆ ವಾಲ್ವ್ ತೆರೆಯೋದನ್ನು ಬದಲಿಸುವ) ಎಂಜಿನ್ ನೋಡಿ. ಅದೂ ನಿಮ್ಮದರ ಹಾಗೆ 1600 ಸಿಸಿಯದೇ, ಕೊಟ್ಟದ್ದು ಮಾತ್ರ 7600 ಆರ್‌ಪಿಎಂನಲ್ಲಿ 160 ಪಿಎಸ್. ಲೀಟರಿಗೆ ನೂರು! ಮೇಲಿನ ಲೆಕ್ಕ ಹಿಂದುಮುಂದು ಮಾಡಿದರೆ ಅಲ್ಲಿ ಟಾರ್ಕ್ ಸುಮಾರು 148 ನ್ಯೂಟನ್ ಮೀಟರ್ ಅಷ್ಟೇ. ಅಂಥಾ ದೊಡ್ಡ ಸಂಖ್ಯೆಯೇನಲ್ಲ. ಬೇರೆ ಎಂಜಿನ್‌ಗಳಿಗೆ ಉಸಿರು ಕಟ್ಟುವ ವೇಗದಲ್ಲೂ ಆ ಟಾರ್ಕ್ ಬಿಡದೆ ಹಿಡಿದುಕೊಂಡದ್ದೇ ಅದರ ಗುಟ್ಟು.

ಉಸಿರಿನ ವಿಷಯದಲ್ಲೇ, ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಬರುತ್ತದೆ, ನಾನು ಪೆಟ್ಟು ತಿಂದದ್ದೂ ಅಲ್ಲೇ. ಪಿಸ್ಟನ್ ಕೆಳಗೆ ಹೋಗಿ ಮತ್ತೆ ಮೇಲೇರೋಕೆ ಶುರು ಮಾಡಿದ ಮೇಲೂ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಎಂಜಿನ್ ಜೋರಾಗಿ ಓಡುವಾಗ ಇದರಿಂದ ಲಾಭ, ನುಗ್ಗಿ ಬರುತ್ತಿರುವ ಗಾಳಿ ಅದೇ ರಭಸದಲ್ಲಿ ಇನ್ನಷ್ಟು ಒಳಗೆ ತುಂಬಿಕೊಳ್ಳುತ್ತದೆ. ನಿಧಾನವಾಗಿ ಓಡುವಾಗ ಆ ರಭಸ ಇಲ್ಲ, ಪಿಸ್ಟನ್ ಒಳಗೆ ಬಂದ ಗಾಳಿಯನ್ನೇ ವಾಪಸ್ ತಳ್ಳಿಬಿಡುತ್ತದೆ. ನಾನೂ ಒಮ್ಮೆ ಹುಮ್ಮಸ್ಸಿನಲ್ಲಿ ನನ್ನ ಎಂಜಿನ್‌ಗೆ ವಾಲ್ವ್ ಜಾಸ್ತಿ ಹೊತ್ತು ತೆರೆದಿಡುವ ರೇಸ್ ಕ್ಯಾಮ್ ಹಾಕಿಸಿದೆ. ಪವರ್ ಬಂತು ನಿಜ. ಆದರೆ 3500 ಆರ್‌ಪಿಎಂ ಕೆಳಗೆ ಗಾಡಿಯಲ್ಲಿ ಜೀವವೇ ಇಲ್ಲ. ಸಿಗ್ನಲ್‌ನಲ್ಲಿ ನಿಂತರೆ ಇಡೀ ಕಾರು ಚಳಿಜ್ವರ ಬಂದ ಹಾಗೆ ನಡುಗುತ್ತಿತ್ತು, ಏರುದಾರಿಯಲ್ಲಿ ಹೊರಡೋಕೆ ಕ್ಲಚ್ ಸುಡಬೇಕಿತ್ತು. ಎರಡೇ ತಿಂಗಳಿಗೆ ಹಳೆಯ ಕ್ಯಾಮನ್ನೇ ಹಾಕಿಸಿದೆ.

ಆದ್ದರಿಂದ ಮೊದಲು ನಿಮ್ಮ ಎಂಜಿನ್ ದಿನದ ಬಹುಪಾಲು ಎಷ್ಟು ಆರ್‌ಪಿಎಂನಲ್ಲಿ ಓಡುತ್ತದೆ ಅಂತ ಒಂದು ವಾರ ಮೀಟರ್ ನೋಡಿ ಬರೆದುಕೊಳ್ಳಿ. ನೀವು ಹೇಳಿದ ಬಳಕೆಗೆ ಅದು 1500ರಿಂದ 4000ದ ನಡುವೆ ಇರಬಹುದು ಅನ್ನಿಸುತ್ತದೆ. ಹಾಗಿದ್ದರೆ ಕಂಪನಿಯ ಕ್ಯಾಮೇ ಸಾಕು. ಉದ್ದನೆಯ, ಸಣ್ಣ ಇನ್‌ಟೇಕ್ ಪೈಪ್ ಇದ್ದರೆ ತೆಗೆಯಬೇಡಿ, ಕಡಿಮೆ ವೇಗದಲ್ಲಿ ಸಿಲಿಂಡರ್ ತುಂಬಿಸೋಕೆ ಅದೇ ಸಹಾಯ. ವಾಲ್ವ್ ಸೀಟುಗಳನ್ನು ಚೆನ್ನಾಗಿ ಕೂರಿಸಿ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿಯನ್ನು ಅದುಮುವ ಪ್ರಮಾಣ, ಸ್ವಲ್ಪ ಏರಿಸಿದರೆ ಮೇಲೂ ಕೆಳಗೂ ಎಲ್ಲ ಕಡೆ ಟಾರ್ಕ್ ಹೆಚ್ಚುತ್ತದೆ, ಆದರೆ ನಾಕಿಂಗ್ ಶಬ್ದ (ಪೆಟ್ರೋಲ್ ತಪ್ಪು ಹೊತ್ತಿನಲ್ಲಿ ಸಿಡಿಯುವ ಟಕಟಕ) ಕೇಳಿಸಿತೋ, ಅಲ್ಲಿಗೇ ನಿಲ್ಲಿಸಿ. ಸಿಲಿಂಡರ್ 81 ಮಿಮೀ ಇದ್ದದ್ದನ್ನು ಕೊರೆಸಿ 82 ಮಾಡಿದರೆ ಸಿಗೋದು ಎರಡೂವರೆ ಶೇಕಡಾ, ಸವೆದಿದ್ದರೆ ಮಾತ್ರ ಮಾಡಿಸಿ.

ಇಲ್ಲ, ನನಗೆ ಎಂಜಿನ್ ಓಡಬಹುದಾದ ಗರಿಷ್ಠ ಆರ್‌ಪಿಎಂ, ಅಂದರೆ ರೆಡ್‌ಲೈನೇ ಏರಿಸಬೇಕು ಅನ್ನುತ್ತೀರಾ? 6000ದ ಬದಲು 7500 ಓಡಿಸಿದರೆ ಕನೆಕ್ಟಿಂಗ್ ರಾಡ್ ಮೇಲೆ ಪಿಸ್ಟನ್ನಿನ ಎಳೆತ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ, ಯಾಕಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ರಾಡ್, ಅದರ ಬೋಲ್ಟು, ವಾಲ್ವ್ ಸ್ಪ್ರಿಂಗ್ ಎಲ್ಲ ಬದಲಾಗಬೇಕು. ಬರೀ ಕ್ಯಾಮ್ ಹಾಕಿ ಮೇಲಕ್ಕೆ ಎಳೆದರೆ ರಾಡ್ ಒಂದು ದಿನ ಬ್ಲಾಕ್ ಒಡೆದುಕೊಂಡು ಹೊರಗೆ ಇಣುಕುತ್ತದೆ.

ಪ್ರಶ್ನೆ: ನನ್ನ ಡೀಸೆಲ್ ಕಾರಿಗೆ 300 ನ್ಯೂಟನ್ ಮೀಟರ್, ತಮ್ಮನ ಪೆಟ್ರೋಲ್ ಕಾರಿಗೆ ಬರೀ 150. ಆದರೂ ಅವನು ನನ್ನ ಸಮಕ್ಕೆ ಬರುತ್ತಾನಲ್ಲ?

ಉತ್ತರ: ಗೇರ್‌ಬಾಕ್ಸ್ ಮರೆತಿರಿ. ನಿಮ್ಮದು 3000 ಆರ್‌ಪಿಎಂನಲ್ಲಿ 300, ಅವನದು 6000ದಲ್ಲಿ 150 ಇದ್ದರೆ ಎರಡೂ 128 ಪಿಎಸ್. ಅವನ ಎಂಜಿನ್ ನಿಮ್ಮದರ ಎರಡರಷ್ಟು ವೇಗವಾಗಿ ತಿರುಗುತ್ತಿದೆ, ಆದ್ದರಿಂದ ಅದೇ ಸ್ಪೀಡಿನಲ್ಲಿ ಎರಡರಷ್ಟು ಇಳಿಸುವ ಗೇರ್ ಹಾಕಿಕೊಳ್ಳಬಹುದು. ಗೇರ್ ವೇಗ ಇಳಿಸಿದಷ್ಟೂ ಟಾರ್ಕ್ ಏರಿಸುತ್ತದೆ, ಚಕ್ರಕ್ಕೆ ಬರುವ ಹೊತ್ತಿಗೆ ಇಬ್ಬರದೂ ಒಂದೇ ಆಯಿತು. ಪವರನ್ನು ಮಾತ್ರ ಯಾವ ಗೇರೂ ಹೆಚ್ಚಿಸಲಾರದು. ನಿಮಗೆ ಒಂದು ಸಮಾಧಾನ ಇದೆ. ಬೆಟ್ಟದಲ್ಲಿ ನೀವು ಅದೇ ಗೇರಿನಲ್ಲಿ ಆರಾಮಾಗಿ ಹೋಗುವಾಗ ಅವನು ಗೇರ್ ಇಳಿಸಿ ಎಂಜಿನ್ ಕಿರುಚಿಸಿಕೊಂಡು ಬರಬೇಕು.

ಪ್ರಶ್ನೆ: ಡೈನೊ (ಎಂಜಿನ್ನಿನ ಟಾರ್ಕ್, ಪವರ್ ಅಳೆಯುವ ಯಂತ್ರ) ಗ್ರಾಫ್‌ನಲ್ಲಿ ಟಾರ್ಕ್ ಮತ್ತು ಪವರ್ ಗೆರೆಗಳು 5252 ಆರ್‌ಪಿಎಂನಲ್ಲೇ ಕೂಡಬೇಕಂತೆ. ನನ್ನದರಲ್ಲಿ ಕೂಡಿಲ್ಲ. ಮೋಸ ಆಗಿದೆಯಾ?

ಉತ್ತರ: ಯಾವ ಅಳತೆಯಲ್ಲಿ ಬರೆದಿದ್ದಾರೆ ಅಂತ ಮೊದಲು ನೋಡಿ. ಜೇಮ್ಸ್ ವ್ಯಾಟ್ ಒಂದು ಕುದುರೆಗೆ ನಿಮಿಷಕ್ಕೆ 33,000 ಅಡಿ-ಪೌಂಡ್ ಕೆಲಸ ಅಂತ ಲೆಕ್ಕ ಹಾಕಿದ್ದ. ಅದನ್ನು ಎರಡು ಪೈನಿಂದ ಭಾಗಿಸಿದರೆ 5252 ಬರುತ್ತದೆ. ಹಾಗಾಗಿ ಪೌಂಡ್-ಅಡಿ ಟಾರ್ಕ್, ಹಾರ್ಸ್‌ಪವರ್ ಎರಡನ್ನೂ ಒಂದೇ ಸ್ಕೇಲಿನಲ್ಲಿ ಬರೆದರೆ ಅಲ್ಲಿ ಕೂಡಲೇಬೇಕು. ನ್ಯೂಟನ್ ಮೀಟರ್, ಕಿಲೋವ್ಯಾಟ್ ಹಾಕಿದರೆ ಆ ಜಾಗ 9549ಕ್ಕೆ ಹೋಗುತ್ತದೆ, ಅಷ್ಟು ಮೇಲಕ್ಕೆ ನಿಮ್ಮ ಎಂಜಿನ್ ಓಡುವುದೇ ಇಲ್ಲವಲ್ಲ. ಎರಡಕ್ಕೂ ಬೇರೆ ಬೇರೆ ಸ್ಕೇಲ್ ಇದ್ದರೆ ಗೆರೆಗಳು ಎಲ್ಲಿ ಬೇಕಾದರೂ ದಾಟುತ್ತವೆ, ಅದಕ್ಕೆ ಅರ್ಥವೇನಿಲ್ಲ. ಪೌಂಡ್-ಅಡಿಯಲ್ಲೇ, ಒಂದೇ ಸ್ಕೇಲಿನಲ್ಲಿ ಬರೆದೂ 5252ರಲ್ಲಿ ಕೂಡದಿದ್ದರೆ ಆಗ ಗ್ರಾಫ್ ತೆಗೆದುಕೊಂಡು ವಾಪಸ್ ಹೋಗಿ ಕೇಳಿ.