ಬೇಗ ಕೆಂಪಾಗುವ ಚರ್ಮಕ್ಕೆ ಹೂವಿನ ಸಾರದ ಕ್ರೀಮ್ ಒಳ್ಳೆಯದಾ? ಮನೆಯಲ್ಲೇ ಮಾಡಿಕೊಳ್ಳಬಹುದಾ?

ಹೂವಿನಿಂದ ಬಂದದ್ದು ಅಂದಮೇಲೆ ಚರ್ಮಕ್ಕೆ ತೊಂದರೆ ಆಗಲ್ಲ ಅಲ್ವಾ ಅಂತ ಕೇಳಿದ್ದೀರಿ. ಆಗಬಹುದು. ಕ್ರೀಮ್, ಲೋಷನ್ ತಯಾರಿಸುವುದು ನನ್ನ ಕೆಲಸ. ನಾನು ಮೊದಲು ನೋಡುವುದು ಹೂವಿನ ಹೆಸರನ್ನಲ್ಲ. ಆ ಹೂವಿನಿಂದ ಏನನ್ನು, ಹೇಗೆ ತೆಗೆದಿದ್ದಾರೆ ಅನ್ನುವುದನ್ನು.

ಗುಲಾಬಿಯನ್ನೇ ನೋಡಿ. ದಳಗಳನ್ನು ಆವಿಯಲ್ಲಿ ಬಟ್ಟಿ ಇಳಿಸಿದರೆ ಮೇಲೆ ಎಣ್ಣೆ ತೇಲುತ್ತದೆ, ಕೆಳಗೆ ಪನ್ನೀರು ಉಳಿಯುತ್ತದೆ. ಎಣ್ಣೆಯಲ್ಲಿ ಸಿಟ್ರೊನೆಲ್ಲಾಲ್, ಜೆರಾನಿಯಾಲ್ ಎಂಬ ಸುವಾಸನೆಯ ಅಂಶಗಳು ಜಾಸ್ತಿ. ಪನ್ನೀರಿನಲ್ಲಿ ಇರುವುದು ನೀರಿಗೆ ಸೇರುವ ಸ್ವಲ್ಪ ಸುವಾಸನೆಯ ಅಂಶ, ಅಷ್ಟೆ. ದಳದ ಕೆಂಪು ಬಣ್ಣವಾಗಲಿ ಒಗರಾಗಲಿ ಆವಿಯ ಜೊತೆ ಬರುವುದೇ ಇಲ್ಲ. ಹಾಗಾಗಿ ಬಟ್ಟಿ ಇಳಿಸಿದ ಪನ್ನೀರಿಗೆ ಬಣ್ಣ ಇರುವುದಿಲ್ಲ. ಬಣ್ಣದ ಅಂಶಗಳು ಬೇಕಿದ್ದರೆ ದಳಗಳನ್ನು ನೀರು, ಗ್ಲಿಸರಿನ್‌ನಲ್ಲಿ ನೆನೆಸಿ ತೆಗೆಯಬೇಕು. ಒಂದೇ ಹೂವು, ಮೂರು ಬೇರೆ ಬೇರೆ ಪದಾರ್ಥ. ಲೇಬಲ್ ಮೇಲಿನ ಚಿತ್ರದಲ್ಲಿ ಮಾತ್ರ ಮೂರಕ್ಕೂ ಅದೇ ಗುಲಾಬಿ!

ಕ್ಯಾಮೊಮೈಲ್ ನನಗೆ ತುಂಬಾ ಇಷ್ಟದ ಹೂವು. ಹೂವಿನಲ್ಲಿ ನೀಲಿ ಬಣ್ಣವೇ ಇಲ್ಲ, ಆದರೆ ಬಟ್ಟಿ ಇಳಿಸುವಾಗ ಬಿಸಿಗೆ ಅದರ ಒಂದು ಅಂಶ ಬದಲಾಗಿ ಎಣ್ಣೆ ಗಾಢ ನೀಲಿಯಾಗುತ್ತದೆ. ಉರಿ ತಗ್ಗಿಸಲು ಬಳಸುವ ಬಿಸಬೊಲಾಲ್ ಕೂಡ ಈ ಎಣ್ಣೆಯಲ್ಲಿದೆ. ಕ್ಯಾಲೆಂಡುಲಾ ಎಂಬ ಕಿತ್ತಳೆ ಬಣ್ಣದ ಹೂವಿನ ಬಗ್ಗೆ ಜನರ ಮೇಲೆ ಪರೀಕ್ಷೆಗಳೂ ನಡೆದಿವೆ. 2004ರಲ್ಲಿ ಫ್ರಾನ್ಸ್‌ನಲ್ಲಿ ಸ್ತನ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 254 ಮಹಿಳೆಯರ ಅಧ್ಯಯನವೊಂದು ಪ್ರಕಟವಾಯಿತು. ಕ್ಯಾಲೆಂಡುಲಾ ಮುಲಾಮು ಹಚ್ಚಿದವರಲ್ಲಿ ಚರ್ಮದ ಉರಿಯೂತ ಕಡಿಮೆ ಇತ್ತು. ಆದರೆ ಅದು ಮುಲಾಮು, ಹೆಸರಿಗೆ ಒಂದು ಹನಿ ಸಾರ ಹಾಕಿದ ಫೇಸ್‌ವಾಶ್ ಅಲ್ಲ.

ಎಷ್ಟು ಹಾಕಿದ್ದಾರೆ ಅಂತ ಅಂದಾಜು ಮಾಡಬಹುದು. ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಶೇ. 1ಕ್ಕಿಂತ ಕಡಿಮೆ ಇರುವವು ಮಾತ್ರ ಹೇಗೆ ಬೇಕಾದರೂ ಇರಬಹುದು. ಕೆಡದಂತೆ ಹಾಕುವ ಫೀನಾಕ್ಸಿಎಥನಾಲ್ ಸಾಮಾನ್ಯವಾಗಿ ಶೇ. 1ನ್ನು ದಾಟುವುದಿಲ್ಲ. ಹೂವಿನ ಸಾರ ಅದರ ನಂತರ ಬಂದಿದ್ದರೆ ಸುಮ್ನೆ ಹೆಸರಿಗೆ ಅಂತಲೇ ನಾನು ಎಣಿಸುತ್ತೇನೆ.

ಇನ್ನು ನಿಮ್ಮ ಚರ್ಮದ ವಿಷಯ. ಸುವಾಸನೆ ಕೊಡುವ ಅಂಶಗಳೇ ಅಲರ್ಜಿ ತರುವುದು ಜಾಸ್ತಿ. ಲ್ಯಾವೆಂಡರ್‌ನ ಲಿನಲೂಲ್ ಗಾಳಿಗೆ ಹಳಸಿದಾಗ ಇನ್ನೂ ಕೆಟ್ಟದು. ಹಾಗಾಗಿ ಹಳೆಯ ಬಾಟಲಿ ಇಟ್ಟುಕೊಳ್ಳಬೇಡಿ. ಯುರೋಪಿನ ನಿಯಮದಲ್ಲಿ, ಹಚ್ಚಿ ಬಿಡುವ ಕ್ರೀಮ್‌ನಲ್ಲಿ ಇಂಥ ಅಂಶ ಶೇ. 0.001 ದಾಟಿದರೂ ಅದರ ಹೆಸರನ್ನು ಲೇಬಲ್‌ನಲ್ಲಿ ಬರೆಯಲೇಬೇಕು. ಸೇವಂತಿಗೆ ಮುಟ್ಟಿದರೆ ನಿಮಗೆ ತುರಿಕೆ ಬರುತ್ತದೆಯಾ? ಹಾಗಿದ್ದರೆ ಕ್ಯಾಮೊಮೈಲ್, ಕ್ಯಾಲೆಂಡುಲಾ, ಆರ್ನಿಕಾ ಮೂರೂ ಬೇಡ. ಎಲ್ಲವೂ ಒಂದೇ ಸಸ್ಯ ಕುಟುಂಬದವು.

ಮನೆಯಲ್ಲಿ ಮಾಡಬಹುದು, ಆದರೆ ಶೇಖರಿಸಬೇಡಿ. ದಳ ನೆನೆಸಿದ ನೀರಿನಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ, ವಾಸನೆ ಬರುವ ಮೊದಲೇ. ಫ್ರಿಜ್‌ನಲ್ಲಿಟ್ಟು ಎರಡು ದಿನದಲ್ಲಿ ಮುಗಿಸಿ. ಎಣ್ಣೆಯಲ್ಲಿ ನೆನೆಸುವುದಾದರೆ ಪೂರ್ತಿ ಒಣಗಿದ ದಳವೇ ಇರಲಿ, ಹಸಿ ದಳದ ನೀರು ಎಣ್ಣೆಯನ್ನು ಕೆಡಿಸುತ್ತದೆ. ಅಲಂಕಾರಕ್ಕೆ ಮಾರುವ ಹೂವು ಮಾತ್ರ ಬೇಡವೇ ಬೇಡ. ಅದಕ್ಕೆ ಕೀಟನಾಶಕ ಸಿಂಪಡಿಸಿರುವ ಸಾಧ್ಯತೆ ಜಾಸ್ತಿ.

ಕೊಂಡದ್ದಾದರೂ ಮುಖಕ್ಕೆ ಹಚ್ಚುವ ಮೊದಲು ಮೊಣಕೈ ಒಳಭಾಗದಲ್ಲಿ ದಿನಕ್ಕೆ ಎರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ಒಂದೇ ಸಲ ಹಚ್ಚಿ ಪರವಾಗಿಲ್ಲ ಅಂದುಕೊಂಡರೆ ಸಾಲದು, ಇಂಥ ಅಲರ್ಜಿ ಕೆಲವು ದಿನ ಬಿಟ್ಟೂ ಕಾಣಿಸಿಕೊಳ್ಳುತ್ತದೆ. ಈಗಾಗಲೇ ಚರ್ಮ ಒಡೆದು ಉರಿಯುತ್ತಿದ್ದರೆ ಯಾವ ಹೂವಿನ ಸಾರವನ್ನೂ ಹಚ್ಚಬೇಡಿ, ಮೊದಲು ಚರ್ಮದ ವೈದ್ಯರಿಗೆ ತೋರಿಸಿ.