ಜಾತಿ ತಾರತಮ್ಯವನ್ನು ಜನಾಂಗಭೇದ ಎನ್ನಬಹುದೇ?

ಯಾವ ಕಾನೂನನ್ನು ಮುಂದಿಟ್ಟು ಕೇಳುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ವಿಶ್ವಸಂಸ್ಥೆಯ 1965ರ ಜನಾಂಗೀಯ ತಾರತಮ್ಯ ವಿರೋಧಿ ಒಡಂಬಡಿಕೆಯ 1ನೇ ವಿಧಿಯಲ್ಲಿ ಜನಾಂಗ, ಮೈಬಣ್ಣಗಳ ಜೊತೆ ‘ವಂಶ’ ಎಂಬ ಪದವೂ ಇದೆ. ಜಗಳವೆಲ್ಲ ಅದರದ್ದೇ. ತಮಾಷೆಯೆಂದರೆ, ಒಡಂಬಡಿಕೆಯ ಕರಡು ಪ್ರತಿಗೆ ಆ ಪದ ಸೇರಿಸಲು ಸೂಚಿಸಿದ್ದು ಭಾರತವೇ! ವಂಶದಲ್ಲಿ ಜಾತಿಯೂ ಸೇರುತ್ತದೆ ಎಂದು ಒಡಂಬಡಿಕೆಯ ಸಮಿತಿ 2002ರಲ್ಲಿ ಹೇಳಿತು. ಭಾರತ ಸರ್ಕಾರ ಒಪ್ಪಲಿಲ್ಲ. ನಮ್ಮ ಸಂವಿಧಾನದ 15ನೇ ವಿಧಿ ಜನಾಂಗ, ಜಾತಿ ಎರಡನ್ನೂ ಬೇರೆಬೇರೆಯಾಗಿಯೇ ಹೆಸರಿಸುತ್ತದೆ. ಅಮೆರಿಕದ ಸಿಯಾಟಲ್ ನಗರವೂ 2023ರಲ್ಲಿ ಜಾತಿಯನ್ನು ಪ್ರತ್ಯೇಕ ಆಧಾರವಾಗಿ ತನ್ನ ಕಾನೂನಿಗೆ ಸೇರಿಸಿತು. ನನಗೆ ಇದೇ ಸರಿ ಎನಿಸುತ್ತದೆ. ಮೈಬಣ್ಣವನ್ನೇ ಅಳತೆಗೋಲು ಮಾಡಿಕೊಂಡರೆ ಜಾತಿ ಕೈತಪ್ಪುತ್ತದೆ: ಅದು ಮುಖದಲ್ಲಿ ಕಾಣುವುದಿಲ್ಲ, ಅಡ್ಡಹೆಸರು, ಊರಿನ ಕೇರಿ, ಊಟದ ಅಭ್ಯಾಸ ಕೆದಕಿ ಪತ್ತೆಹಚ್ಚುತ್ತಾರೆ.