ಚಳಿಗಾಲಕ್ಕೆ ಆರ್‌ವಿ ನಿಲ್ಲಿಸುವ ಮುನ್ನ ಟ್ಯಾಂಕ್ ಖಾಲಿ ಮಾಡಿದರೆ ಸಾಕೇ?

ನೀವು ಸೆಕೆಂಡ್ ಹ್ಯಾಂಡ್ ಆರ್‌ವಿ, ಅಂದರೆ ಅಡುಗೆ, ಸ್ನಾನ, ಶೌಚದ ವ್ಯವಸ್ಥೆಯಿರುವ ಪ್ರವಾಸದ ಗಾಡಿ, ಕೊಂಡಿದ್ದೀರಿ. ಚಳಿಗಾಲವಿಡೀ ಅದು ಬಯಲಿನಲ್ಲಿ ನಿಲ್ಲಬೇಕು, ರಾತ್ರಿಯ ಉಷ್ಣತೆ ಮೈನಸ್ 15 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುತ್ತದೆ. ಮಾರಿದವರು ‘ಟ್ಯಾಂಕ್ ಖಾಲಿ ಮಾಡಿ, ನಲ್ಲಿಗಳನ್ನು ತೆರೆದಿಟ್ಟರೆ ಸಾಕು’ ಎಂದಿದ್ದಾರೆ. ಅಷ್ಟು ಸಾಕೇ, ಸಾಲದಿದ್ದರೆ ಪೈಪುಗಳಿಗೆ ಗಾಳಿ ಊದಿಸಬೇಕೇ ಅಥವಾ ಹೆಪ್ಪುಗಟ್ಟುವುದನ್ನು ತಡೆಯುವ ಗುಲಾಬಿ ಬಣ್ಣದ ದ್ರವ, ಆಂಟಿಫ್ರೀಜ್, ತುಂಬಬೇಕೇ ಎಂಬುದು ನಿಮ್ಮ ಪ್ರಶ್ನೆ.

ಸಾಲದು. ಟ್ಯಾಂಕಿನ ನೀರು ಎಲ್ಲರಿಗೂ ನೆನಪಿರುತ್ತದೆ, ಖಾಲಿಯಾಗುತ್ತದೆ. ದುಡ್ಡು ಕೀಳುವುದು ಎಲ್ಲೆಲ್ಲೋ ಅಡಗಿ ಉಳಿದ ಬೊಗಸೆ ನೀರು: ಪಂಪಿನ ಒಳಗೆ, ಕಮೋಡಿನ ಹಿಂದಿನ ವಾಲ್ವ್‌ನಲ್ಲಿ, ಹೊರಗಿನ ಶವರ್‌ನಲ್ಲಿ, ಫಿಲ್ಟರಿನ ಬಟ್ಟಲಿನಲ್ಲಿ. ನಾನು ಪ್ರತಿ ವರ್ಷ ನನ್ನ ಗಾಡಿಗೆ ಈ ಕೆಲಸ ಮಾಡುವಾಗ ಹೆಚ್ಚು ಹೊತ್ತು ಹಿಡಿಯುವುದೂ ಈ ಮೂಲೆಗಳಿಗೇ.

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಪೈಪಿನ ನಡುವೆ ಎಲ್ಲೋ ಮಂಜುಗಡ್ಡೆಯ ಬಿರಡೆಯಾದರೆ, ಆ ಬಿರಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿಗೆ ಹೋಗಲು ಜಾಗವಿಲ್ಲ. ಒತ್ತಡ ಏರುತ್ತಲೇ ಹೋಗಿ ಎಲ್ಲಿ ಬಲ ಕಡಿಮೆಯೋ ಅಲ್ಲಿ ಒಡೆಯುತ್ತದೆ. ಹೀಗಾಗಿ ಒಡೆದ ಜಾಗವೂ ಹೆಪ್ಪುಗಟ್ಟಿದ ಜಾಗವೂ ಬಹುತೇಕ ಬೇರೆ ಬೇರೆಯಾಗಿರುತ್ತವೆ. ಈಗಿನ ಆರ್‌ವಿಗಳಲ್ಲಿರುವ ಪೆಕ್ಸ್ ಎಂಬ ಬಗೆಯ ಪ್ಲಾಸ್ಟಿಕ್ ಪೈಪ್ ಒಂದಿಷ್ಟು ಹಿಗ್ಗಿ ತಾಳಿಕೊಳ್ಳುತ್ತದೆ. ಅದರ ಪ್ಲಾಸ್ಟಿಕ್ ಜೋಡಣೆಗಳು, ಪಂಪು, ನಲ್ಲಿಯ ಒಳಭಾಗಗಳು ತಾಳುವುದಿಲ್ಲ. ಇದು ವಸಂತದಲ್ಲಿ ನೀರು ಬಿಟ್ಟು ನೆಲ ಒದ್ದೆಯಾಗುವವರೆಗೆ ಗೊತ್ತೂ ಆಗುವುದಿಲ್ಲ. ನಲ್ಲಿ ತೆರೆದಿಟ್ಟರೆ ಒತ್ತಡ ಸ್ವಲ್ಪ ಇಳಿಯುತ್ತದೆ ನಿಜ, ಆದರೆ ಪಂಪಿನೊಳಗೆ ನಿಂತ ನೀರಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ.

ಕೆಲಸವನ್ನು ವಾಟರ್ ಹೀಟರಿನಿಂದ ಶುರುಮಾಡಿ, ಏಕೆಂದರೆ ಅದು ತಣ್ಣಗಾಗಲು ಸಮಯ ಬೇಕು. ಗ್ಯಾಸ್ ಮತ್ತು ವಿದ್ಯುತ್ ಎರಡನ್ನೂ ಆರಿಸಿ ಒಂದು ರಾತ್ರಿ ಬಿಡಿ. ಮರುದಿನ ಪಂಪ್ ನಿಲ್ಲಿಸಿ, ಹೊರಗಿನ ನೀರಿನ ಸಂಪರ್ಕ ಬಿಡಿಸಿ, ಬಿಸಿನೀರಿನ ನಲ್ಲಿಯೊಂದನ್ನು ತೆರೆದು ಒತ್ತಡ ಇಳಿಸಿ. ಆಮೇಲೆ ಹೀಟರಿನ ಪ್ರೆಷರ್ ರಿಲೀಫ್ ವಾಲ್ವ್ ಎತ್ತಿ, ಕೊನೆಗೆ ಕೆಳಗಿನ ಬಿರಡೆ ಬಿಚ್ಚಿ. ಈ ಕ್ರಮ ಬದಲಾಗಬಾರದು. ಒತ್ತಡವಿರುವಾಗ, ಅದರಲ್ಲೂ ನೀರು ಬಿಸಿಯಿರುವಾಗ ಬಿರಡೆ ಬಿಚ್ಚಿದರೆ ಅದು ಸಿಡಿದು ಕುದಿನೀರು ಮೈಮೇಲೆ ಬರುತ್ತದೆ. ತಣ್ಣಗಿದ್ದರೂ ನೇರ ಎದುರಿಗೆ ಕೂರದೆ ಪಕ್ಕಕ್ಕೆ ಕೂತು ಬಿಚ್ಚುವುದು ನನ್ನ ಅಭ್ಯಾಸ. ಉಕ್ಕಿನ ಟ್ಯಾಂಕ್ ಇರುವ ಹೀಟರಾದರೆ ಬಿರಡೆಯ ಜೊತೆ ಉದ್ದನೆಯ ಆನೋಡ್ ಕಡ್ಡಿ ಹೊರಬರುತ್ತದೆ. ಟ್ಯಾಂಕಿಗೆ ಬದಲಾಗಿ ತಾನು ಸವೆಯುವುದೇ ಅದರ ಕೆಲಸ. ಮುಕ್ಕಾಲು ಭಾಗ ಸವೆದಿದ್ದರೆ ಹೊಸದು ಹಾಕಿ.

ಖಾಲಿಯಾದ ಹೀಟರನ್ನು ಬೈಪಾಸ್ ಮಾಡಲೇಬೇಕು, ಅಂದರೆ ದ್ರವ ಅದರೊಳಗೆ ಹೋಗದೆ ಪಕ್ಕದ ಪೈಪಿನಲ್ಲಿ ಹಾದುಹೋಗುವಂತೆ ಮಾಡಬೇಕು. ಅದರ ಟ್ಯಾಂಕ್ ಸಾಮಾನ್ಯವಾಗಿ 23 ಅಥವಾ 38 ಲೀಟರಿನದು. ಬೈಪಾಸ್ ಇಲ್ಲದಿದ್ದರೆ ಬಿಸಿನೀರಿನ ನಲ್ಲಿಗೆ ಒಂದು ಹನಿ ಆಂಟಿಫ್ರೀಜ್ ತಲುಪುವ ಮೊದಲು ಅಷ್ಟೂ ಟ್ಯಾಂಕ್ ತುಂಬಬೇಕು, ಬರೀ ದಂಡ. ಹೀಟರಿನ ಹಿಂಬದಿಯಲ್ಲಿ ಮೂರು ವಾಲ್ವ್ ಇದ್ದರೆ ಒಳಹೋಗುವ ಮತ್ತು ಹೊರಬರುವ ಎರಡನ್ನು ಮುಚ್ಚಿ, ನಡುವಿನದನ್ನು ತೆರೆಯಿರಿ. ಹಿಡಿ ಪೈಪಿನ ಉದ್ದಕ್ಕೆ ನಿಂತಿದ್ದರೆ ತೆರೆದಿದೆ, ಅಡ್ಡ ನಿಂತಿದ್ದರೆ ಮುಚ್ಚಿದೆ. ಹಳೆಯ ಗಾಡಿಯಲ್ಲಿ ಬೈಪಾಸ್ ಇಲ್ಲದೆಯೂ ಇರಬಹುದು, ಇಲ್ಲದಿದ್ದರೆ ಹಾಕಿಸುವುದು ಒಳ್ಳೆಯ ಹೂಡಿಕೆ. ಹೀಟರಿನ ಸ್ವಿಚ್ ಮೇಲೆ ಟೇಪ್ ಅಂಟಿಸಿ ‘ಒಳಗೆ ನೀರಿಲ್ಲ’ ಎಂದು ಬರೆದಿಡಿ. ನೀರಿಲ್ಲದೆ ಉರಿದರೆ ವಿದ್ಯುತ್ ಕಾಯಿಲ್ ಬಹಳ ಬೇಗ ಸುಟ್ಟುಹೋಗುತ್ತದೆ. ಟ್ಯಾಂಕ್ ಇಲ್ಲದ, ಆಗಿಂದಾಗ್ಗೆ ಬಿಸಿ ಮಾಡುವ ಹೀಟರಾದರೆ ಈ ಮಾತುಗಳು ಅನ್ವಯಿಸುವುದಿಲ್ಲ. ಅದರದೇ ಕೈಪಿಡಿ ನೋಡಿ.

ಉಳಿದ ಖಾಲಿ ಮಾಡುವ ಕೆಲಸ ಸುಲಭ. ಮಲದ ಟ್ಯಾಂಕ್ ಮತ್ತು ಸಿಂಕ್, ಸ್ನಾನದ ನೀರಿನ ಟ್ಯಾಂಕ್ ಎರಡನ್ನೂ ನಿಗದಿತ ಜಾಗದಲ್ಲಿ ಖಾಲಿ ಮಾಡಿ ತೊಳೆಯಿರಿ. ಸಿಹಿನೀರಿನ ಟ್ಯಾಂಕಿನ ಕೆಳಗಿನ ವಾಲ್ವ್ ತೆರೆಯಿರಿ. ಗಾಡಿಯ ಕೆಳಗೆ ಅತಿ ತಗ್ಗಿನ ಜಾಗದಲ್ಲಿ ಬಿಸಿನೀರಿಗೊಂದು, ತಣ್ಣೀರಿಗೊಂದು ಬಿರಡೆ ಇರುತ್ತದೆ. ಅವನ್ನು ಬಿಚ್ಚಿ, ಒಳಗಿನ ನಲ್ಲಿಗಳನ್ನೆಲ್ಲ ತೆರೆದರೆ ಗಾಳಿ ಸೇರಿ ನೀರು ಬೇಗ ಇಳಿಯುತ್ತದೆ. ಪಂಪನ್ನು ಕೆಲವು ಸೆಕೆಂಡು ಓಡಿಸಿ ಒಳಗಿದ್ದುದನ್ನು ಉಗುಳಿಸಿ. ಫಿಲ್ಟರ್ ಕಾರ್ಟ್ರಿಜ್ ತೆಗೆದು ಎಸೆಯಿರಿ, ಬಟ್ಟಲನ್ನು ಒರೆಸಿಡಿ.

ಈಗ ಗಾಳಿಯೋ ಆಂಟಿಫ್ರೀಜೋ ಎಂಬ ಮಾತಿಗೆ ಬರೋಣ. ಇದರ ಬಗ್ಗೆ ಜನ ಪಕ್ಷ ಕಟ್ಟಿಕೊಂಡು ಜಗಳವಾಡುತ್ತಾರೆ. ಗಾಳಿಯಲ್ಲಿ ಖರ್ಚಿಲ್ಲ, ವಸಂತದಲ್ಲಿ ಬಾಯಿಗೆ ರುಚಿ ಹತ್ತುವ ತಾಪತ್ರಯವಿಲ್ಲ. ಹೊರಗಿನ ನೀರಿನ ಸಂಪರ್ಕಕ್ಕೆ ಗಾಳಿಯ ಕೊಳವೆ ಸಿಕ್ಕಿಸಲು ತಕ್ಕ ಜೋಡಣೆ ಹಾಕಿ, ಒತ್ತಡವನ್ನು 40 ಪಿಎಸ್‌ಐ ಒಳಗೆ ಕಟ್ಟಿಹಾಕಿ, ಒಂದೊಂದೇ ನಲ್ಲಿ ತೆರೆಯುತ್ತ ಊದಿಸಬೇಕು. ಒತ್ತಡ ಹೆಚ್ಚಿಸಿದರೆ ಜೋಡಣೆಗಳನ್ನು ನಾವೇ ಒಡೆದಂತೆ. ಇಲ್ಲಿ ಬೇಕಾದದ್ದು ಗಾಳಿಯ ಪ್ರಮಾಣ. ಟೈರಿಗೆ ಗಾಳಿ ತುಂಬುವ ಸಣ್ಣ ಯಂತ್ರದಲ್ಲಿ ಅದಿಲ್ಲ. ಬಾಗಿದ ಸ್ಟ್ರಾದಲ್ಲಿ ಮೆಲ್ಲನೆ ಊದಿದರೆ ತಳದ ಹನಿ ಅಲ್ಲೇ ಉಳಿಯುವಂತೆ, ಪೈಪಿನ ತಗ್ಗಿನಲ್ಲಿ ನಿಂತ ನೀರಿನ ಮೇಲಿಂದ ಗಾಳಿ ಜಾರಿಹೋಗುತ್ತದೆ. ನಲ್ಲಿಯಲ್ಲಿ ಬರಿ ಗಾಳಿ ಬಂತೆಂದು ನೀವು ಸಮಾಧಾನಪಡುತ್ತೀರಿ. ಗಾಳಿಯ ಟ್ಯಾಂಕ್ ಇರುವ ಕಂಪ್ರೆಸರಿದ್ದರೂ ಒಂದೇ ಸುತ್ತು ಊದಿಸಿ ಬಿಡಬೇಡಿ. ಪೈಪಿನ ಗೋಡೆಗೆ ಅಂಟಿದ ನೀರು ಸ್ವಲ್ಪ ಹೊತ್ತಿಗೆ ಮತ್ತೆ ತಗ್ಗಿಗೆ ಇಳಿದಿರುತ್ತದೆ.

ಆಂಟಿಫ್ರೀಜ್ ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. ಪ್ರೊಪೈಲೀನ್ ಗ್ಲೈಕಾಲ್ ಇರುವ, ಕುಡಿಯುವ ನೀರಿನ ಪೈಪಿಗೆಂದೇ ಮಾಡಿದ ದ್ರವ ಬೇಕು. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಗಾಜು ತೊಳೆಯುವ ದ್ರವದಲ್ಲಿರುವ ಮೆಥನಾಲೂ ವಿಷ. ಅಗ್ಗವೆಂದು ಎಥನಾಲ್ ಬೆರೆಸಿದ್ದನ್ನು ತಂದರೆ ರಬ್ಬರ್ ಸೀಲುಗಳು ಒಣಗುತ್ತವೆ. ಡಬ್ಬಿಯ ಮೇಲೆ ಮೈನಸ್ 45 ಡಿಗ್ರಿ ಎಂದಿದ್ದರೆ ಅಲ್ಲಿಯವರೆಗೂ ಅದು ನೀರಿನಂತೆ ಹರಿಯುತ್ತದೆ ಎಂದು ತಿಳಿಯಬೇಡಿ. ಸಾಮಾನ್ಯ ಗುಲಾಬಿ ದ್ರವ ಮೈನಸ್ 12ರ ಆಸುಪಾಸಿನಲ್ಲೇ ಗಂಜಿಯ ಹದಕ್ಕೆ ತಿರುಗುತ್ತದೆ. ಗಟ್ಟಿ ಗಡ್ಡೆಯಾಗದೆ ಮೆತ್ತಗೆ ಉಳಿಯುವುದರಿಂದ ಪೈಪ್ ಒಡೆಯುವುದಿಲ್ಲ, ಆ ಸಂಖ್ಯೆ ಹೇಳುವುದು ಇಷ್ಟನ್ನೇ. ನೀರು ಬೆರೆತರೆ ಈ ರಕ್ಷಣೆ ಕುಸಿಯುತ್ತದೆ, ಆದ್ದರಿಂದ ತೆಳು ಮಾಡಲೇಬಾರದು.

ನಿಮ್ಮಲ್ಲಿಯಂಥ ಚಳಿಗೆ ನನ್ನ ಸಲಹೆ ಎರಡೂ: ಮೊದಲು ಗಾಳಿ, ಆಮೇಲೆ ಆಂಟಿಫ್ರೀಜ್. ಗಾಳಿ ಉಳಿದ ನೀರನ್ನು ಕಡಿಮೆ ಮಾಡಿದಷ್ಟೂ ದ್ರವ ತೆಳುವಾಗದೆ ಉಳಿಯುತ್ತದೆ. ಕಂಪ್ರೆಸರ್ ಇಲ್ಲದಿದ್ದರೆ ಬರಿ ಆಂಟಿಫ್ರೀಜ್ ಆದೀತು, ನಲ್ಲಿಯಿಂದ ಗಾಢ ಗುಲಾಬಿ ಬಣ್ಣ ಬರುವವರೆಗೆ ಕೈಬಿಚ್ಚಿ ಬಿಡಿ. ಬರಿ ಗಾಳಿಯನ್ನು ನಂಬಿ ಮೈನಸ್ 15ರಲ್ಲಿ ಗಾಡಿ ನಿಲ್ಲಿಸಲು ನನಗಂತೂ ಧೈರ್ಯವಿಲ್ಲ.

ಪಂಪಿನ ಒಳಹರಿವಿನ ಕಡೆ ಒಂದು ವಾಲ್ವ್ ಮತ್ತು ಸಣ್ಣ ಕೊಳವೆ ಇದ್ದರೆ ಕೊಳವೆಯನ್ನು ನೇರ ಕ್ಯಾನಿಗೆ ಇಳಿಸಿ. ತೆರೆದಿದ್ದ ಬಿರಡೆ, ನಲ್ಲಿಗಳನ್ನೆಲ್ಲ ಮುಚ್ಚಿ, ಪಂಪ್ ಹಾಕಿ, ಪ್ರತಿ ನಲ್ಲಿಯಲ್ಲೂ ಬಿಸಿ, ತಣ್ಣೀರು ಎರಡೂ ಕಡೆ ಬಣ್ಣ ಬರಿಸಿ. ಬೈಪಾಸ್ ಇದ್ದರೆ ಸಾಮಾನ್ಯ ಗಾಡಿಗೆ 8ರಿಂದ 12 ಲೀಟರ್ ಸಾಕಾಗುತ್ತದೆ.

ಇನ್ನು ಆ ಮರೆತ ಮೂಲೆಗಳು. ಕಮೋಡಿನ ಪೆಡಲ್ ಒತ್ತಿ ಹಿಡಿದು ಬಣ್ಣ ಬರಿಸಿ, ಪಕ್ಕದಲ್ಲಿ ಕೈ ಶವರ್ ಇದ್ದರೆ ಅದನ್ನೂ. ಹೊರಗಿನ ಶವರಿನಲ್ಲಿ ಬಿಸಿ ಮತ್ತು ತಣ್ಣೀರು ಎರಡು ವಾಲ್ವ್, ಒಂದು ಕೊಳವೆ, ಒಂದು ಹಿಡಿ ಇರುತ್ತವೆ. ಬೇಸಿಗೆಯಲ್ಲಿ ಒಮ್ಮೆಯೂ ಬಳಸಿರದಿದ್ದರೂ ಅದರಲ್ಲಿ ನೀರಿದ್ದೇ ಇರುತ್ತದೆ. ಬಟ್ಟೆ ತೊಳೆಯುವ ಯಂತ್ರ, ಫ್ರಿಜ್ಜಿನ ಐಸ್ ಮಾಡುವ ಭಾಗ ಇದ್ದರೆ ಅವುಗಳ ಕೈಪಿಡಿಯಂತೆ ಮಾಡಿ. ಮಲದ ಟ್ಯಾಂಕ್ ತೊಳೆಯಲು ಹೊರಗಿನಿಂದ ಕೊಳವೆ ಸಿಕ್ಕಿಸುವ ಪ್ರತ್ಯೇಕ ಸಂಪರ್ಕವಿದ್ದರೆ ಅಲ್ಲಿಗೆ ಪಂಪಿನ ದ್ರವ ಹೋಗುವುದೇ ಇಲ್ಲ. ಆ ಟ್ಯಾಂಕಿನ ವಾಲ್ವ್ ತೆರೆದಿಟ್ಟು ಅದರದೇ ಬಾಯಿಯಿಂದ ಗಾಳಿ ಊದಿಸಬೇಕು. ಹೊರಗಿನ ನೀರಿನ ಸಂಪರ್ಕದ ಬಾಯಿಯೊಳಗೆ ನೀರು ಹಿಂದಕ್ಕೆ ಬಾರದಂತೆ ತಡೆಯುವ ಚೆಕ್ ವಾಲ್ವ್ ಇದೆ, ಅದರ ಹಿಂದೆಯೂ ನೀರು ನಿಲ್ಲುತ್ತದೆ. ಪಂಪ್ ನಿಲ್ಲಿಸಿ, ನಲ್ಲಿ ತೆರೆದು ಒತ್ತಡ ಇಳಿಸಿ, ಬಾಯಿಯ ಜಾಲರಿ ತೆಗೆದು, ನಡುವಿನ ಗುಂಡಿಯನ್ನು ಕಡ್ಡಿಯಿಂದ ಮೆಲ್ಲನೆ ಒತ್ತಿ. ಗುಲಾಬಿ ದ್ರವ ಹೊರಬಂದರೆ ಆಯಿತು. ಒಳ್ಳೆಯ ಅಂಗಿ ಹಾಕಿಕೊಂಡು ಈ ಕೆಲಸಕ್ಕೆ ಹೋಗಬೇಡಿ.

ಕೊನೆಗೆ ಪ್ರತಿ ಸಿಂಕಿಗೂ ಸ್ನಾನದ ಜಾಲರಿಗೂ ಒಂದೆರಡು ಲೋಟ ದ್ರವ ಸುರಿಯಿರಿ, ಕೆಳಗಿನ ಬಾಗಿದ ಕೊಳವೆಯಲ್ಲಿ ನಿಂತ ನೀರಿಗೆ ಅದು ಬೇಕು. ಕಮೋಡಿನಲ್ಲೂ ಸ್ವಲ್ಪ ಉಳಿಸಿದರೆ ಸೀಲ್ ಒಣಗುವುದಿಲ್ಲ.

ನಡುವೆ ಚಳಿಯಲ್ಲೇ ಗಾಡಿ ಬಳಸುವ ಮನಸ್ಸಾದರೆ ಕುಡಿಯಲು, ತೊಳೆಯಲು ಕ್ಯಾನಿನ ನೀರು ಒಯ್ಯಿರಿ, ಕಮೋಡಿಗೆ ಆಂಟಿಫ್ರೀಜ್ ಸುರಿಯಿರಿ. ಒಳಗೆ ವಿದ್ಯುತ್ ಹೀಟರ್ ಇಟ್ಟರೆ ಪೈಪ್ ಬೆಚ್ಚಗಿರುತ್ತದೆಂದು ನಂಬಬೇಡಿ. ಎಷ್ಟೋ ಗಾಡಿಗಳಲ್ಲಿ ನೆಲದಡಿಗೆ ಬಿಸಿಗಾಳಿ ಹೋಗುವುದು ಗಾಡಿಯದೇ ಬಿಸಿಗಾಳಿ ಯಂತ್ರವಾದ ಫರ್ನೇಸಿನಿಂದ. ವಿದ್ಯುತ್ ಹೀಟರಿನಿಂದ ಕೋಣೆ ಬೆಚ್ಚಗಾದೊಡನೆ ಫರ್ನೇಸ್ ನಿಂತುಬಿಡುತ್ತದೆ, ನೆಲದಡಿಯ ಪೈಪ್ ಮಾತ್ರ ತಣ್ಣಗಾಗುತ್ತಲೇ ಹೋಗುತ್ತದೆ.

ವಸಂತದಲ್ಲಿ ಬೈಪಾಸ್ ಹಾಗೇ ಇಟ್ಟು ಬಣ್ಣ, ನೊರೆ ಹೋಗುವವರೆಗೆ ನೀರು ಹರಿಸಿ, ಆಮೇಲೆ ಹೀಟರ್ ತುಂಬಿಸಿ. ಟ್ಯಾಂಕಿನ 57 ಲೀಟರ್ ನೀರಿಗೆ 60 ಮಿಲಿಲೀಟರಿನಂತೆ ಸುವಾಸನೆಯಿಲ್ಲದ ಸಾದಾ ಬ್ಲೀಚ್ ಬೆರೆಸಿ, ಎಲ್ಲ ನಲ್ಲಿಗಳಿಗೂ ಹರಿಸಿ, ಅರ್ಧ ದಿನ ಬಿಟ್ಟು ವಾಸನೆ ಹೋಗುವಷ್ಟು ತೊಳೆಯಿರಿ. ಹೊರಗಿನ ನೀರು ಜೋಡಿಸುವ ಮುನ್ನ ಪಂಪ್ ಹಾಕಿ ನಲ್ಲಿಗಳನ್ನೆಲ್ಲ ಮುಚ್ಚಿ ಕಿವಿಗೊಡಿ. ಒತ್ತಡ ತುಂಬಿದ ಮೇಲೆ ಪಂಪ್ ತಾನಾಗಿ ಮತ್ತೆ ಮತ್ತೆ ಓಡುತ್ತಿದ್ದರೆ ಎಲ್ಲೋ ಸೋರುತ್ತಿದೆ. ಪಂಪಿನ ಜಾಲರಿ ಬಟ್ಟಲು, ಕಮೋಡಿನ ಹಿಂಬದಿ, ಹೊರಗಿನ ಶವರ್, ಈ ಮೂರನ್ನು ಮೊದಲು ಮುಟ್ಟಿ ನೋಡಿ.